ಹನ್ನೊಂದನೆಯ ಗ್ಲಾಸು

ಲೋರ್ನಾಳ ಶವಪೆಟ್ಟಿಗೆಗೆ ಹೆಗಲು ಕೊಡಲು ಹೋದ ಎವೆರೆಟ್‌ನನ್ನು ಅವಳ ಅಳಿಯ ಗಸ್ ತಡೆದ.

"ಎಂಬತ್ತೆರಡಾಯ್ತು ಮೇಷ್ಟ್ರೇ! ನೀವೂ ಬಿದ್ರೆ ಇನ್ನೊಂದು ಪೆಟ್ಟಿಗೆ ತರಿಸ್ಬೇಕಾಗತ್ತೆ."

"ಬಿಡಯ್ಯಾ. ನನ್ನನ್ನ ಮನುಷ್ಯ ಮಾಡಿದವಳು ಅವಳು."

ಎವೆರೆಟ್ ಹೆಸರಾಂತ ಮಾನವಶಾಸ್ತ್ರಜ್ಞ. ಲೋರ್ನಾ ಕ್ಯಾಲಿಫೋರ್ನಿಯಾದ ಆ ಊರಿನ ನಿವೃತ್ತ ನರ್ಸು. ಟೊಮೆಟೊ ಗಿಡ, ಚರ್ಚಿನ ಅಡುಗೆಮನೆ, ಅಷ್ಟೇ ಅವಳ ಲೋಕ. ಇವತ್ತು ಅವಳ ಬಗ್ಗೆ ಮಾತಾಡುವವನು ಅವನೇ.

ಚರ್ಚಿನ ಮೆಟ್ಟಿಲ ಮೇಲೆ ಅವಳ ಮಗಳು ನೊರೀನ್ ಹಳೆಯ ಲಕೋಟೆಯೊಂದನ್ನು ಅವನ ಕೈಗಿತ್ತಳು. "ತಾನು ಹೋದ್ಮೇಲೆ ನಿಮ್ಗೆ ಕೊಡು ಅಂದಿದ್ಲು ಅಮ್ಮ."

ಒಳಗೆ ಇಪ್ಪತ್ತು ಹೆಸರುಗಳ ಪಟ್ಟಿ. ಹನ್ನೊಂದನೆಯದು ಅವನದು. ಅದರ ಮುಂದೆ, 'ಬರೀ ನೀರು.'

* * *

೧೯೬೧. ಆಸ್ಪತ್ರೆಯಲ್ಲಿ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಔಷಧಿಯ ಪ್ರಯೋಗ. ಹತ್ತು ಜನಕ್ಕೆ ಔಷಧಿ, ಹತ್ತು ಜನಕ್ಕೆ ನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯಬಾರದು. ಗ್ಲಾಸು ತುಂಬುವ ಲೋರ್ನಾಳಿಗೆ ಮಾತ್ರ ಗೊತ್ತು; ಪಟ್ಟಿ ಬರೆದು ಲಕೋಟೆಯಲ್ಲಿ ಮುಚ್ಚಿಟ್ಟಿದ್ದಳು.

ಹನ್ನೊಂದನೆಯ ಗ್ಲಾಸು ಕುಡಿದ ಎವೆರೆಟ್ ಸಂಜೆಯವರೆಗೂ ಅವಳ ಕೈ ಹಿಡಿದು ಅತ್ತ. "ಎಲ್ಲಾ ಕುಲದವ್ರೂ ಒಂದೇ ಮನೆಯವ್ರು ಕಣಮ್ಮಾ! ಕಣ್ಣಿಗೆ ಕಾಣ್ತಿದೆ ನಂಗೆ!" ಹದಿನೈದು ವರ್ಷ ಮಾತು ಬಿಟ್ಟಿದ್ದ ತಮ್ಮ ವಿಲರ್ಡ್‌ಗೆ ಅಲ್ಲಿಂದಲೇ ಫೋನು ಮಾಡಿದ.

ಆ ಔಷಧಿಯಿಂದ ಯುದ್ಧವಿಲ್ಲದ ಜಗತ್ತು ಕಟ್ಟಬಹುದೆಂದು ಪುಸ್ತಕ ಬರೆದ. ದೇಶವೆಲ್ಲ ಓದಿತು. ಅಷ್ಟರಲ್ಲಿ ಔಷಧಿಯನ್ನು ನಿಷೇಧಿಸುವ ಕಾನೂನು ಬಂದು ಪ್ರಯೋಗ ನಿಂತುಹೋಯಿತು. ಜಗತ್ತನ್ನೇ ಬದಲಿಸಲು ಹೊರಟ ಆ ಮಹಾನುಭಾವರಲ್ಲಿ ಒಬ್ಬರಿಗೂ ಲಕೋಟೆ ಒಡೆದು ನೋಡುವ ಪುರುಸೊತ್ತಿರಲಿಲ್ಲ.

* * *

ಎವೆರೆಟ್ ಪಟ್ಟಿಯನ್ನು ಇನ್ನೊಮ್ಮೆ ಓದಿದ. ಕಂಬ ಹಿಡಿದು ನಿಂತ.

"ಮೂವತ್ಮೂರು ವರ್ಷ ಊರೂರು ತಿರುಗಿ ಸಾರಿದ್ನಲ್ಲಮ್ಮಾ! ಯಾಕೆ ಬಾಯಿ ಬಿಡ್ಲಿಲ್ಲ ನಿಮ್ಮಮ್ಮ?"

"ಹೇಳೋಣ ಅಂತಾನೇ ಇದ್ಲಂತೆ. ಅಷ್ಟೊತ್ತಿಗೆ ನಿಮ್ ತಮ್ಮ ಓಡಿ ಬಂದು ನಿಮ್ಮನ್ನ ತಬ್ಕೊಂಡ್ರಂತೆ. ಆಮೇಲೆ ಹೇಗೆ ಹೇಳ್ಲಿ ಅಂತಿದ್ಲು."

ಒಳಗಿನಿಂದ ಪಾದ್ರಿ ಅವನ ಹೆಸರು ಕರೆದರು.

ಬರೆದು ತಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. ಎವೆರೆಟ್ ಜನರತ್ತ ನೋಡಿದ. ಅರ್ಧ ಜನ ಅವನ ಪುಸ್ತಕ ಓದಿದವರು.

"ಆವತ್ತು ಲೋರ್ನಾ ನಂಗೆ ಕೊಟ್ಟಿದ್ದು ಬರೀ ನೀರಂತೆ," ಎಂದ. "ಔಷಧಿ ಅಂದ್ಕೊಂಡು ಪುಸ್ತಕ ಬರೆದ್ಬಿಟ್ಟೆ. ಈಗಷ್ಟೇ ಗೊತ್ತಾಯ್ತು."

"ಪಾಪ, ಅರಳುಮರಳು," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಎವೆರೆಟ್ ಅತ್ತ ತಿರುಗಿ ಏನೋ ಹೇಳಹೋಗಿ ಕೆಮ್ಮತೊಡಗಿದ.

ಮುಂದಿನ ಸಾಲಿನಿಂದ ವಿಲರ್ಡ್ ಕೋಲೂರಿಕೊಂಡು ಎದ್ದ. ಪಾದ್ರಿಯ ಮೇಜಿನ ಮೇಲಿದ್ದ ನೀರಿನ ಗ್ಲಾಸು ಎತ್ತಿಕೊಂಡು, ಅರ್ಧ ಚೆಲ್ಲುತ್ತಾ, ಅಣ್ಣನ ಹತ್ತಿರ ಬಂದ.

"ಕುಡಿಯೋ," ಎಂದ.

ಎವೆರೆಟ್ ತಮ್ಮನ ಕೈ ಸಮೇತ ಗ್ಲಾಸನ್ನು ಹಿಡಿದುಕೊಂಡು ಕೊನೆಯ ಹನಿಯವರೆಗೂ ಕುಡಿದ.