ಜಾಲರಿ ಕೇಳಿದ ಅತ್ತೆ

ಭಾನುವಾರ ಪೂಜೆ ಮುಗಿದ ಮೇಲೆ ಲೂರ್ದುಮೇರಿ ಶಿಡ್ಲಘಟ್ಟದಲ್ಲಿ ಏಳು ಮನೆ ಸುತ್ತಬೇಕು. ಕತ್ತಿನಲ್ಲಿ ದಾರ, ದಾರದ ತುದಿಗೆ ಸಣ್ಣ ಚೀಲ, ಚೀಲದೊಳಗೆ ಕುಂಕುಮದ ಭರಣಿಯಷ್ಟು ಪುಟ್ಟದೊಂದು ಹಳದಿ ಡಬ್ಬಿ, ಅದರೊಳಗೆ ತೆಳು ಬಿಲ್ಲೆಯಂಥ ರೊಟ್ಟಿಯ ಪರಮಪ್ರಸಾದ. ಚರ್ಚಿಗೆ ಬರಲಾಗದ ಮುದುಕರಿಗೂ ಹಾಸಿಗೆ ಹಿಡಿದವರಿಗೂ ಅದನ್ನು ಕೊಟ್ಟು ಬರುವ ಕೆಲಸ. ಹಿಂದೆಲ್ಲ ಗುರುಗಳಲ್ಲದೆ ಇನ್ನೊಬ್ಬರು ಪ್ರಸಾದ ಮುಟ್ಟಿದರೆ ಮಹಾಪಾಪ. ಈಗ ಚಿಕ್ಕಬಳ್ಳಾಪುರದಿಂದ ಬರುವ ಫಾದರ್ ಜಗನ್ ಒಬ್ಬರೇ ಚಿಂತಾಮಣಿಯನ್ನೂ ನೋಡಬೇಕು, ಶಿಡ್ಲಘಟ್ಟವನ್ನೂ ನೋಡಬೇಕು. ಆ ಮನುಷ್ಯನಿಗೂ ಇರುವುದು ಎರಡು ಕಾಲು, ಒಂದು ಬೈಕು. ಅದಕ್ಕೇ ಮೂರು ವರ್ಷದ ಹಿಂದೆ ಮೇಲಿನವರ ಅಪ್ಪಣೆ ತರಿಸಿ, ಬೆಂಗಳೂರಿನಲ್ಲಿ ನಾಲ್ಕು ದಿನ ತರಬೇತಿ ಕೊಡಿಸಿ, ಡಬ್ಬಿಯನ್ನು ಇವಳ ಕತ್ತಿಗೆ ಹಾಕಿದ್ದರು. ಐವತ್ತು ದಾಟಿದ ಅವಳ ಮಂಡಿ ನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆರು ಮನೆಯವರು ಕೈಮುಗಿದು ತೆಗೆದುಕೊಳ್ಳುತ್ತಿದ್ದರು. ಏಳನೆಯದು ಅವಳದೇ ಮನೆ. ಅಲ್ಲಿ ಮಂಚದ ಮೇಲೆ ಅತ್ತೆ ಇನ್ನಾಸಮ್ಮ. ಎಂಬತ್ತೈದು ದಾಟಿದ ಜೀವ, ಕಿವಿ ಪೂರಾ ಮಂದ, ಸೊಂಟ ಮುರಿದು ಎರಡು ವರ್ಷ. ಮೈ ತೊಳೆಯುವುದು, ಅಂಬಲಿ ಕುಡಿಸುವುದು, ಒದ್ದೆಯಾದ ಬಟ್ಟೆ ಬದಲಿಸುವುದು ಎಲ್ಲಕ್ಕೂ ಸೊಸೆಯ ಕೈಯೇ ಬೇಕು. ಅದೇ ಕೈ ಪ್ರಸಾದ ಹಿಡಿದರೆ ಮಾತ್ರ ಮುದುಕಿಯ ಬಾಯಿಗೆ ಬೀಗ.

“ನಿನ್ನ ಕೈಲಿ ಬೇಡ.”

“ಯಾಕತ್ತೆ? ನನ್ನ ಕೈಗೇನಾಗಿದೆ?”

“ಚಾಲುಲೇ, ಸಾಕು ಬಿಡು. ಬೇಡ ಅಂದ್ರೆ ಬೇಡ.”

ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೇ! ಮೊದಮೊದಲು ಲೂರ್ದುಮೇರಿಗೆ ಅಳು ಬರುತ್ತಿತ್ತು. ಆಮೇಲೆ ಸಿಟ್ಟು ಬಂತು. ಈಗ ಎರಡಕ್ಕೂ ತ್ರಾಣವಿಲ್ಲ, ಡಬ್ಬಿ ಮುಚ್ಚಿ ಒಲೆ ಹಚ್ಚಲು ಹೋಗುತ್ತಾಳೆ. ಆದರೆ ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾದ ವಾರ ಡಾಕ್ಟರು, “ಹಾರ್ಟು ವೀಕಾಗಿದೆ, ಪಾಸ್ಕ ಹಬ್ಬದ ತನಕ ಇದ್ರೆ ದೊಡ್ಡದು” ಅಂದುಬಿಟ್ಟರು. ಪ್ರಸಾದವಿಲ್ಲದೆ ಅತ್ತೆ ಹೋಗಿಬಿಟ್ಟರೆ? ಊರು ಸುಮ್ಮನಿರುತ್ತದೆಯೇ? ಈಗಲೇ ಚರ್ಚಿನ ಮೆಟ್ಟಿಲ ಮೇಲೆ ಮಾತು ಎದ್ದಿತ್ತು, ಸೊಸೆ ಏನೋ ಮಾಡಿರಬೇಕು, ಇಲ್ಲದಿದ್ದರೆ ಅಂಥ ದೈವಭಕ್ತೆ ಬೇಡ ಅನ್ನುತ್ತಾಳೆಯೇ ಅಂತ. ಗಂಡ ರಾಯಪ್ಪನನ್ನು ಕೇಳಿದರೆ, “ನಿಮ್ಮಿಬ್ರ ಮಧ್ಯೆ ನನ್ನ ತರಬೇಡ್ವೇ” ಅಂತ ಟವೆಲ್ ಕೊಡವಿಕೊಂಡು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಡುತ್ತಿದ್ದ.

ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಫಾದರ್ ಜಗನ್ ಅವರನ್ನೇ ಮನೆಗೆ ಕರೆಸಿದಳು. ಮೂವತ್ತೆಂಟರ ಆಸುಪಾಸಿನ ಮನುಷ್ಯ, ದಪ್ಪ ಮೀಸೆ. ಪ್ಲಾಸ್ಟಿಕ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತರು.

“ಮೊದ್ಲು ಪಾಪನಿವೇದನೆ ಮಾಡಜ್ಜಿ. ಆಮೇಲೆ ನಾನೇ ಪ್ರಸಾದ ಕೊಡ್ತೀನಿ,” ಅಂತ ಕಿವಿಯ ಹತ್ತಿರ ಕೂಗಿದರು.

ಇನ್ನಾಸಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಜಾಲರಿ ಎಲ್ಲಿ ಸಾಮಿ?”

“ಈಗ ಜಾಲರಿ ಗೀಲರಿ ಇಲ್ಲಜ್ಜಿ. ಎದುರಾಬದುರು ಕೂತು ಮನಸ್ಸು ಬಿಚ್ಚಿ ಮಾತಾಡೋದು.”

“ನಿಮ್ಮ ಮೀಸೆ ನೋಡ್ಕೊಂಡು ನನ್ನ ಪಾಪ ಹೇಳ್ಲಾ? ನಾಚ್ಕೆ ಬ್ಯಾಡ್ವಾ ನಂಗೆ?”

ಆ ಮುದುಕಿಗೂ ನ್ಯಾಯವಾಗಿ ಹೇಳಬೇಕೆಂದರೆ, ಅವಳು ಬೇಕಾದಷ್ಟು ಬದಲಾವಣೆ ನುಂಗಿಕೊಂಡಿದ್ದಳು. ಹುಡುಗಿಯಾಗಿದ್ದಾಗ ಗುರುಗಳು ಜನಕ್ಕೆ ಬೆನ್ನು ಹಾಕಿ ಲ್ಯಾಟಿನ್ನಿನಲ್ಲಿ ಪೂಜೆ ಮಾಡುತ್ತಿದ್ದರು. ಅರ್ಥವಾಗದಿದ್ದರೂ ಭಯವಿತ್ತು. ಆಮೇಲೆ ಗುರುಗಳು ಈ ಕಡೆ ತಿರುಗಿದರು, ಪೂಜೆ ಕನ್ನಡಕ್ಕೆ ಬಂತು, ಒಪ್ಪಿಕೊಂಡಳು. ಮೊಣಕಾಲೂರಿ ಪ್ರಸಾದ ತೆಗೆದುಕೊಳ್ಳುತ್ತಿದ್ದ ಕಟಕಟೆ ಕಿತ್ತರು, ನಿಂತು ತೆಗೆದುಕೊಂಡಳು. ಕೊರೊನಾ ಬಂದು, ನಾಲಿಗೆಗೆ ಕೊಡುವುದಿಲ್ಲ ಕೈ ಒಡ್ಡಿ ಅಂದರು, ಗೊಣಗಿಕೊಂಡು ಕೈಯನ್ನೂ ಒಡ್ಡಿದಳು. ಪಾಪನಿವೇದನೆಯ ಮರದ ಪೆಟ್ಟಿಗೆಯನ್ನು ಕೀಳಿಸಿದ ದಿನ ಮಾತ್ರ ಮನೆಗೆ ಬಂದು ಊಟ ಬಿಟ್ಟಿದ್ದಳು. ನಡುವೆ ಸಣ್ಣ ತೂತಿನ ಜಾಲರಿ, ಆ ಕಡೆ ಗುರುಗಳ ಕಿವಿ, ಈ ಕಡೆ ನಮ್ಮ ಬಾಯಿ, ಯಾರ ಮುಖ ಯಾರಿಗೂ ಕಾಣದ ಪೆಟ್ಟಿಗೆ ಅದು. ಈಗ ಚರ್ಚಿನ ಹಿಂದಿನ ಕೋಣೆಯಲ್ಲಿ ಕ್ರಿಸ್‌ಮಸ್ ಗೋದಲಿಯ ಬೊಂಬೆಗಳನ್ನು ತುಂಬಿಸಿಕೊಂಡು ನಿಂತಿದೆ. ಜಾಲರಿಯನ್ನು ಗೆದ್ದಲು ತಿಂದು ಯಾವ ಕಾಲವಾಯಿತೋ.

“ಮುಂದಿನ ಶನಿವಾರ ಬರ್ತೀನಿ, ಅಷ್ಟರಲ್ಲಿ ಅಜ್ಜೀನ ಒಪ್ಸಿ,” ಅಂತ ಫಾದರ್ ಹೆಲ್ಮೆಟ್ ಹಾಕಿಕೊಂಡರು. ಒಪ್ಪಿಸುವುದಂತೆ! ಈ ಮನೆಯಲ್ಲಿ ಅತ್ತೆಯನ್ನು ಒಪ್ಪಿಸಿದವರು ಇನ್ನೂ ಹುಟ್ಟಿಲ್ಲ.

ಆ ವಾರವಿಡೀ ಲೂರ್ದುಮೇರಿಯ ತಲೆಯಲ್ಲಿ ಜಾಲರಿಯೇ. ಸೊಳ್ಳೆ ಪರದೆ ಕಟ್ಟಿ ತೋರಿಸಿದಳು. “ಮುಖ ಕಾಣ್ತದೆ” ಅಂದಳು ಮುದುಕಿ. ಸೀರೆ ಅಡ್ಡ ಹಿಡಿದಳು. “ಇದೇನು ಬಾಣಂತಿ ಕೋಣೇನಾ?” ಅಂದಳು. ಶುಕ್ರವಾರ ಸೊಪ್ಪು ತರಲು ಹೋದಾಗ ಪಕ್ಕದ ಮನೆಯ ಹಮೀದಾ ಬೇಗಂ ಅಂಗಳದಲ್ಲಿ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸುತ್ತಿದ್ದಳು. ಹಣ್ಣಾದ ರೇಷ್ಮೆ ಹುಳ ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಅನ್ನುತ್ತಾರೆ. ಆಳೆತ್ತರದ ಹೆಣಿಗೆ, ಮೇಲೆ ಸುರುಳಿ ಸುರುಳಿ ಪಟ್ಟಿ. ಹುಳ ಸಾಕುವವರಿಗೆ ಅವನ್ನು ಬಾಡಿಗೆಗೆ ಕೊಡುವುದು ಆ ಮನೆಯ ಕಸುಬು. ಹೆಣಿಗೆಯ ಸಂದಿನಿಂದ ಬಿಸಿಲು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಲೂರ್ದುಮೇರಿ ಅಲ್ಲೇ ನಿಂತುಬಿಟ್ಟಳು.

“ಹಮೀದಾ ಆಪಾ, ಒಂದು ಚಂದ್ರಿಕೆ ನಾಳೆವರೆಗೂ ಕೊಡ್ತೀರಾ?”

“ಕ್ಯಾ ಮೇರಿಯಮ್ಮಾ, ಈ ವಯಸ್ಸಲ್ಲಿ ಹುಳ ಸಾಕ್ತೀಯಾ?”

“ಅತ್ತೆ ಒಂದು ಸಾಕಾಗಿಲ್ವಾ ನಂಗೆ? ದೇವ್ರ ಕೆಲ್ಸಕ್ಕೆ ಆಪಾ.”

“ದೇವ್ರ ಕೆಲ್ಸ ಅಂದ್ರೆ ತಗೊಂಡು ಹೋಗು, ನಮ್ದೂ ಒಂದು ಹೆಸ್ರು ಹೇಳು,” ಅಂತ ಹಮೀದಾ ತಾನೇ ಒಂದು ತುದಿ ಹಿಡಿದು ಮನೆಯವರೆಗೂ ತಂದುಕೊಟ್ಟಳು.

ಮಂಚಕ್ಕೆ ಒರಗಿಸಿ ನಿಲ್ಲಿಸಿದಾಗ ಇನ್ನಾಸಮ್ಮ ಬೆರಳಿನಿಂದ ಹೆಣಿಗೆಯನ್ನು ಸವರಿದಳು. “ಈಗ ಸರಿಯಾಯ್ತು ನೋಡು,” ಅಂದಳು. ಆ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿ ಎಷ್ಟು ಕಾಲವಾಗಿತ್ತೋ.

ಶನಿವಾರ ಫಾದರ್ ಬಂದು ಚಂದ್ರಿಕೆ ನೋಡಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ಕುರ್ಚಿಯನ್ನು ಅದರ ಹಿಂದೆ ಹಾಕಿಕೊಂಡು ಕೂತರು. ಲೂರ್ದುಮೇರಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಹಿತ್ತಲಿಗೆ ಹೋಗಬೇಕೆಂದೇ ಇದ್ದಳು, ಆದರೆ ಫಾದರ್ ಕಾಫಿಗೆ ಹಾಲು ಇಟ್ಟಿದ್ದಳು, ಉಕ್ಕಿದರೆ ಒಲೆ ತೊಳೆಯುವವರು ಯಾರು?

ಜಾಲರಿಯ ಚಿಂತೆಯಲ್ಲಿ ಅವಳು ಒಂದನ್ನು ಮರೆತಿದ್ದಳು. ಚಂದ್ರಿಕೆ ಮುಖ ಮುಚ್ಚುತ್ತದೆ, ದನಿಯನ್ನಲ್ಲ. ಅತ್ತೆ ಕಿವುಡಿ. ಅವಳ ಗುಟ್ಟೆಂದರೆ ನಾಲ್ಕು ಮನೆಗೆ ಕೇಳಬೇಕು. ದಿನಾ ಕೂಗಿ ಕೂಗಿ, ಕೂಗಿಸಿಕೊಂಡು, ಈ ಮನೆಯವರಿಗೆ ಅದು ಕೂಗೆಂದೇ ಅನ್ನಿಸುತ್ತಿರಲಿಲ್ಲ.

“ಸಾಮಿ, ಮೂವತ್ಮೂರು ವರ್ಷದಿಂದ ಒಂದು ಪಾಪ ಮುಚ್ಚಿಟ್ಟಿದ್ದೀನಿ!”

“ಮೆಲ್ಲಗೆ ಅಜ್ಜಿ, ಮೆಲ್ಲಗೆ.”

“ಆಂ? ಜೋರಾಗಿ ಹೇಳಿ ಸಾಮಿ! ಪೆಟ್ಗೆ ಇದ್ದಾಗ್ಲೇ ಹೇಳ್ಬೇಕಿತ್ತು, ಆವಾಗ ಧೈರ್ಯ ಇರ್ಲಿಲ್ಲ. ಧೈರ್ಯ ಬರೋ ಹೊತ್ಗೆ ಪೆಟ್ಗೇನೇ ಕಿತ್ತಾಕಿದ್ರಿ!”

ಲೂರ್ದುಮೇರಿ ಹಾಲಿನ ಪಾತ್ರೆ ಇಳಿಸಿದಳು. ಹಿತ್ತಲ ಬಾಗಿಲು ಮೂರು ಹೆಜ್ಜೆ ದೂರ. ಹೋಗಬಹುದಿತ್ತು. ಹೋಗಲಿಲ್ಲ.

“ನನ್ನ ಸೊಸೆ ನರ್ಸ್ ಟ್ರೈನಿಂಗ್‌ಗೆ ಅರ್ಜಿ ಹಾಕಿದ್ಲು ಸಾಮಿ. ಮದ್ವೆಯಾಗಿ ಎರಡನೇ ವರ್ಷ. ಸೀಟು ಸಿಕ್ತು ಅಂತ ಕಾಗ್ದ ಬಂತು. ಟಪಾಲಿನವನು ನನ್ನ ಕೈಗೆ ಕೊಟ್ಟ, ಓದಿ ಹೇಳ್ದ. ಅವ್ಳು ಹೋದ್ರೆ ಗೂಡಿಂದ ರೇಷ್ಮೆ ನೂಲು ಬಿಚ್ಚೋರು ಯಾರು, ನಮ್ಮನೇಲಿ ಇದ್ದಿದ್ದು ಅವ್ಳ ಎರಡು ಕೈ. ಗೂಡು ಬೇಯ್ಸೋ ಒಲೆಗೆ ಹಾಕ್ಬಿಟ್ಟೆ ಸಾಮಿ! ಅವ್ಳು ಪಕ್ಕದಲ್ಲೇ ಕೂತು ನೂಲು ತೆಗೀತಿದ್ಲು. ಇನ್ನೂ ಕಾಗ್ದ ಬಂದಿಲ್ಲ ಅತ್ತೆ, ಅಂದ್ಲು.”

ಒಳಗಿಂದ ಫಾದರ್ ಏನು ಹೇಳಿದರೋ ಕೇಳಿಸಲಿಲ್ಲ. ಮುದುಕಿಯ ದನಿ ಮಾತ್ರ ಒಡೆದು ಬಂತು. “ಸಾಮಿಗಳ ಕೈಯಿಂದ ಹೆಂಗೋ ತಗೊಂಡೆ ಸಾಮಿ, ಕಳ್ಳಿ ಥರ. ಅವ್ಳ ಕೈಯಿಂದ ತಗಳಕ್ಕಾಗ್ಲಿಲ್ಲ. ಆ ಕೈ ನೋಡಿದ್ರೆ ಒಲೆ ಕಾಣ್ತದೆ.”

ಲೂರ್ದುಮೇರಿ ತನ್ನ ಕೈ ನೋಡಿಕೊಂಡಳು. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳುಗಳು. ಇವತ್ತಿಗೂ ಚಳಿಗಾಲ ಬಂದರೆ ತುದಿ ಬಿರಿದು ರಕ್ತ ಬರುತ್ತದೆ. ಆ ವರ್ಷ ಅವಳು ನಾಲ್ಕು ತಿಂಗಳು ಟಪಾಲಿನವನ ದಾರಿ ಕಾದಿದ್ದಳು. ಆಮೇಲೆ ತನಗೆ ಅಷ್ಟು ಬುದ್ಧಿ ಇಲ್ಲ, ಅದಕ್ಕೇ ಸೀಟು ಬರಲಿಲ್ಲ ಅಂತ ತೀರ್ಮಾನಿಸಿಕೊಂಡು, ಆ ತೀರ್ಮಾನದ ಮೇಲೆಯೇ ಇಡೀ ಬದುಕು ಕಳೆದಿದ್ದಳು. ಒಳಗೆ ನುಗ್ಗಿ ಆ ಮಂಚವನ್ನೇ ಅಲ್ಲಾಡಿಸಿ ಕೇಳಬೇಕು ಅನ್ನಿಸಿತು. ಆದರೆ ಕೇಳುವುದು ಹೇಗೆ? ಪಾಪನಿವೇದನೆ ಆಕಸ್ಮಿಕವಾಗಿ ಕಿವಿಗೆ ಬಿದ್ದರೂ ಅದು ಗುಟ್ಟೇ, ಸಾಯುವವರೆಗೂ ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ ಅಂತ ಬೆಂಗಳೂರಿನ ನಾಲ್ಕು ದಿನದಲ್ಲಿ ಬರೆಸಿಯೇ ಕಳಿಸಿದ್ದರು. ಗಂಡನಿಗೆ ಹೇಳುವಂತಿಲ್ಲ. ಅತ್ತೆಗಂತೂ ಇಲ್ಲವೇ ಇಲ್ಲ.

“ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪ ಹೇಳಜ್ಜಿ,” ಅಂತ ಫಾದರ್ ಕೂಗಿದರು.

“ಮೂರೇನಾ? ಹಳೇ ಸಾಮಿಗಳಾಗಿದ್ರೆ ಇದಕ್ಕೆ ಜಪಸರದ ಐವತ್ಮೂರು ಮಣೀನೂ ಎಣಿಸು ಅಂತಿದ್ರು.”

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಫಾದರ್ ಅವಳ ಮುಖ ನೋಡಿದರು, ಒಲೆಯ ಮೇಲಿಂದ ಇಳಿಸಿಟ್ಟ ಹಾಲು ನೋಡಿದರು, ನೆಲ ನೋಡಿದರು. ಅವರಿಗೆ ಗೊತ್ತಾಯಿತು. ಅವರೂ ಬಾಯಿ ಬಿಡುವಂತಿಲ್ಲ.

“ಮೇರಿಯಮ್ಮ, ಅಜ್ಜಿ ಪ್ರಸಾದ ನಿಮ್ಮ ಕೈಯಿಂದಲೇ ಬೇಕು ಅಂತಿದ್ದಾರೆ. ಆಗುತ್ತಾ?”

ಆಗುವುದಿಲ್ಲ ಅನ್ನಬಹುದಿತ್ತು. ಎರಡು ವರ್ಷ ನಿನ್ನ ಕೈಲಿ ಬೇಡ ಅಂದವಳಿಗೆ ಒಂದು ಸಲ ನಾನೂ ಬೇಡ ಅಂದರೆ ಏನು ತಪ್ಪು? ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಒಳಗಿಂದ, “ಮೇರೀ, ಬಾರಮ್ಮಾ” ಅಂತ ಕೂಗು. ಮದುವೆಯಾಗಿ ಬಂದ ಮೇಲೆ ಆ ಮುದುಕಿ ಅವಳನ್ನು ಅಮ್ಮಾ ಅಂದದ್ದು ಅದೇ ಮೊದಲು.

ಕೈ ತೊಳೆದು ಹೋದಳು. ಫಾದರ್ ಡಬ್ಬಿ ಕೊಟ್ಟರು. ಚಂದ್ರಿಕೆ ಪಕ್ಕಕ್ಕೆ ಸರಿದಿತ್ತು. ಇನ್ನಾಸಮ್ಮನ ಮುಖ ಅತ್ತು ಊದಿಕೊಂಡಿತ್ತು. ಲೂರ್ದುಮೇರಿ ಪ್ರಸಾದ ಎತ್ತಿ ಹಿಡಿದಳು. ಬಾಯಿ ತೆರೆಯುವ ಮೊದಲು ಮುದುಕಿ ಸೊಸೆಯ ಮುಂಗೈ ಹಿಡಿದುಕೊಂಡಳು.

“ಕೇಳಿಸ್ತೇನೇ ನಿಂಗೆ?”

“ಇಲ್ಲತ್ತೆ,” ಅಂತ ಲೂರ್ದುಮೇರಿ ಕಿವಿಗೆ ಬಾಗಿ ಕೂಗಿದಳು. “ನಾನು ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ.”

ಮುದುಕಿ ಉಸಿರು ಬಿಟ್ಟಳು. ಹಲ್ಲಿಲ್ಲದ ಬಾಯಿ ತೆರೆದು ನಾಲಿಗೆ ಚಾಚಿದಳು. “ಕ್ರಿಸ್ತರ ಶರೀರ,” ಅಂದಳು ಲೂರ್ದುಮೇರಿ. “ಆಮೆನ್.” ಎರಡು ಚಮಚ ನೀರು ಕುಡಿಸಿದಳು. ದಿಂಬು ಸರಿಮಾಡುವಷ್ಟರಲ್ಲಿ ಮುದುಕಿಗೆ ಜೊಂಪು ಹತ್ತಿ, ಗೊರಕೆ ಶುರುವಾಗಿತ್ತು. ಎಷ್ಟು ಹಗುರಾಗಿ ಮಲಗಿದ್ದಾಳೆ ನೋಡು ಅಂತ ಹೊಟ್ಟೆಕಿಚ್ಚಾಯಿತು.

ಫಾದರ್ ಜಗನ್ ಕುರ್ಚಿ ಎತ್ತಿಡಲು ಹೋದರು. “ಚಂದ್ರಿಕೆ ಪಕ್ಕದ ಮನೆಗೆ ಕೊಡ್ಬೇಕಲ್ವಾ? ಬನ್ನಿ, ಒಂದು ಕಡೆ ನಾನು ಹಿಡ್ಕೋತೀನಿ.”

“ಇರ್ಲಿ ಫಾದರ್. ನೀವು ಕೂತ್ಕೊಳ್ಳಿ.”

ಅವಳು ಚಂದ್ರಿಕೆಯನ್ನು ಮತ್ತೆ ನಡುವೆ ನಿಲ್ಲಿಸಿದಳು. ಎದುರಾಬದುರು ಕೂರುವುದೇ ಸರಿ, ನಮ್ಮ ಕಾಲಕ್ಕೆ ಅದೇ ಒಪ್ಪುವುದು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ಅವಳೇ. ಮೊಣಕಾಲೂರಲು ಮಂಡಿ ಬಿಡಲಿಲ್ಲ. ಮಂಚದ ಅಂಚಿನಲ್ಲಿ, ಅತ್ತೆಯ ಕಾಲ ಹತ್ತಿರ ಕೂತಳು. ಬಿದಿರಿನ ಸಂದಿನಲ್ಲಿ ಫಾದರ್ ಮುಖ ಕಾಣುತ್ತಿರಲಿಲ್ಲ, ಬಿಳಿ ನಿಲುವಂಗಿಯ ಚುಕ್ಕಿಗಳು ಮಾತ್ರ ಕಂಡವು.

“ಎದ್ದು ಹೋಗ್ಬೇಕಾದ ಕಡೆ ನಿಂತು ಕೇಳಿಸ್ಕೊಂಡೆ ಫಾದರ್,” ಅಂದಳು. “ಪ್ರಸಾದ ಕೈಲಿ ಹಿಡ್ಕೊಂಡು ಸುಳ್ಳು ಹೇಳ್ದೆ.”

“ಇನ್ನೇನಾದ್ರೂ ಇದ್ಯಾ ಮೇರಿಯಮ್ಮ?”

ಹಿಂದೆ ಮುದುಕಿ ಗೊರಕೆ ಹೊಡೆಯುತ್ತಿದ್ದಳು. ಲೂರ್ದುಮೇರಿ ಅವಳ ಕಾಲ ಮೇಲೆ ಸರಿದಿದ್ದ ಹೊದಿಕೆಯನ್ನು ಎಳೆದು ಮುಚ್ಚಿದಳು.

“ಕ್ಷಮಿಸಕ್ಕೆ ಆಗ್ತಾ ಇಲ್ಲ ಫಾದರ್,” ಅಂದಳು. “ಸಂಜೆಗೆ ಅವ್ರಿಗೆ ಮೈ ಒರೆಸ್ಬೇಕು. ಬೇಗ ಏನಾದ್ರೂ ಹೇಳಿ.”