ಹೆಬ್ಬೆಟ್ಟಿನ ಗುರುತು

“ಏಯ್ ದರಿದ್ರದವಳೇ, ಅತ್ಲಾಗೆ ಸರ್ಕೊಳ್ಳೇ! ಸಾಹೇಬ್ರ ಬೂಟಿಗೆ ಧೂಳಾಗ್ತದೆ!”

ಮೇಸ್ತ್ರಿ ಬೈದದ್ದು ಜಲ್ಲಿಯಕ್ಕನಿಗೆ. ಇಪ್ಪತ್ತು ವರ್ಷ ತಲೆಯ ಮೇಲೆ ಜಲ್ಲಿ ಹೊತ್ತಿದ್ದಕ್ಕೆ ಊರು ಕೊಟ್ಟ ಬಿರುದು ಅದು. ಅವಳು ಬಾಂಡ್ಲಿ ಇಳಿಸಿ ಸರಿದಳು. ಜೀಪಿನಿಂದ ರಸ್ತೆ ಉಸ್ತುವಾರಿ ಸಮಿತಿ ಇಳಿಯಿತು: ಮುಂದೆ ಅಧ್ಯಕ್ಷರ ಹೊಟ್ಟೆ, ಹಿಂದೆ ಅಧ್ಯಕ್ಷರು, ಅವರ ಹಿಂದೆ ಎಂಜಿನಿಯರ್.

ಎಂಜಿನಿಯರ್ ಸೀದಾ ಮೈಲಿಗಲ್ಲಿನ ಬುಡಕ್ಕೆ ಹೋಗಿ ಸಲಾಕೆ ಚುಚ್ಚಿದ. ಇಳಿಯಲಿಲ್ಲ. ಹೇಗೆ ಇಳಿದೀತು? ಪ್ರತಿಸಲ ಅವನು ಚುಚ್ಚುವುದು ಅಲ್ಲೇ. ಅಲ್ಲಿ ಮಾತ್ರ ಗೇಣಾಳದ ಜಲ್ಲಿ, ಅದರ ಮೇಲೆ ದಪ್ಪ ಡಾಂಬರು. ಆಳುಗಳು ಆ ಜಾಗಕ್ಕೆ ‘ಸಾಹೇಬ್ರ ಹಾಸಿಗೆ’ ಅನ್ನುತ್ತಿದ್ದರು. ಮಿಕ್ಕ ಎರಡು ಮೈಲಿ ಮೇಲೆ ಥಳಕು, ಒಳಗೆ ಹುಳುಕು.

“ಕಬ್ಬಿಣ ಇದ್ದಂಗಿದೆ ಸಾರ್.”

“ನಾನೇ ನಿಂತು ಮಾಡ್ಸಿದ್ದಲ್ವಾ!” ಎಂದರು ಅಧ್ಯಕ್ಷರು. ನಿಂತದ್ದು ನಿಜ, ಫೋಟೋಗೆ.

ಸಮಿತಿಯಲ್ಲಿ ಕೂಲಿಯವರಿಗೂ ಒಂದು ಸ್ಥಾನವಿತ್ತು. ಸ್ಥಾನವೆಂದರೆ ಒಂದು ಹೆಬ್ಬೆಟ್ಟು, ಜಲ್ಲಿಯಕ್ಕನದು. ಹೋದ ವರ್ಷ ಕೇಳಿದಲ್ಲಿ ಒತ್ತಿದ್ದಳು. ಆ ಮಳೆಗಾಲದಲ್ಲೇ ಇದೇ ರಸ್ತೆಯ ಗುಂಡಿಯಲ್ಲಿ ಆಟೋ ಹೂತುಹೋಗಿ ಸೊಸೆ ಅಲ್ಲೇ ಹೆತ್ತಳು. ಕೂಸು ಅಳಲೇ ಇಲ್ಲ. ಈಗ ಮಗಳು ಎಂಟು ತಿಂಗಳ ಬಸುರಿ. ಆಸ್ಪತ್ರೆಗೆ ಬೇರೆ ದಾರಿಯಿಲ್ಲ.

“ಒತ್ತೇ ಇಲ್ಲಿ, ಕೆಲಸ ಚೆನ್ನಾಗಾಗಿದೆ ಅಂತ,” ಎಂದು ಮೇಸ್ತ್ರಿ ಕಾಗದ ಚಾಚಿದ. ಒತ್ತಿದಳು. ಬರೀ ಕಪ್ಪು ಮಚ್ಚೆ ಮೂಡಿತು.

“ಥೂ, ಗೆರೆನೇ ಇಲ್ವಲ್ಲೇ! ಇದೇನು ಕೈಯೋ, ಎಮ್ಮೆ ಗೊರಸೋ?” ಅಧ್ಯಕ್ಷರು ನಕ್ಕರು. ಮೇಸ್ತ್ರಿಯೂ ನಕ್ಕ, ನಗಲೇಬೇಕಿತ್ತು.

“ಗೆರೆ ಎಲ್ಲಾ ನಿಮ್ಮ ರೋಡೇ ತಿಂತು ಸ್ವಾಮಿ.”

“ನಾಲಿಗೆ ಉದ್ದ ಆಯ್ತು ಇವಳ್ದು. ನೆಟ್ಟಗೆ ಒತ್ತು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ,” ಎಂದು ಅಧ್ಯಕ್ಷರು ಗದರಿದರು.

ಜಲ್ಲಿಯಕ್ಕ ಮಸಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಇದು ಚೆನ್ನಾಗಿ ಮೂಡೋ ಜಾಗ ಒಂದಿದೆ, ಬನ್ನಿ.”

ಸಾಹೇಬ್ರ ಹಾಸಿಗೆ ದಾಟಿ ಹತ್ತು ಹೆಜ್ಜೆ ನಡೆದಳು. ಅವರೂ ಹಿಂದೆ ಬಂದರು. ಮೊನ್ನೆ ತಾನೇ ಹಾಸಿದ ಡಾಂಬರಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹೆಬ್ಬೆಟ್ಟು ಊರಿದಳು. ಬೆರಳು ಬುಡದವರೆಗೂ ಇಳಿಯಿತು. ಹೊರಗೆಳೆದಾಗ ತೂತಿನಿಂದ ಕೆಸರುನೀರು ಜಿನುಗಿತು.

“ಬಿತ್ತು ನೋಡಿ ಗುರುತು. ಕಿತ್ಕೊಂಡು ಹೋಗಿ ನಿಮ್ಮ ಫೈಲಿಗೆ ಅಂಟಿಸ್ಕೊಳ್ಳಿ!”

“ಎಳೀರೋ ಆ ಬೇವರ್ಸಿನ!” ಅಧ್ಯಕ್ಷರು ಕಿರುಚಿದರು.

ಅವಳು ಒಂದು ಮೊಳ ಮುಂದೆ ಸರಿದು ಮತ್ತೆ ಒತ್ತಿದಳು. ಹಿಂದೆ ಆಳುಗಳ ತಲೆಯಿಂದ ಬಾಂಡ್ಲಿಗಳು ಒಂದೊಂದಾಗಿ ಕೆಳಗಿಳಿದವು.