ಅನಂತಮತಿಯಮ್ಮನ ಸಂಜೆ ಗಂಟೆ

ನಿನ್ನೆ ಗಂಟೆ ಹೊಡೆಯಲೇ ಇಲ್ಲ. ಅನಂತಮತಿಯಮ್ಮ ಬಡಿಸಿದ ತಟ್ಟೆಯ ಮುಂದೆ ಕಾದು ಕುಳಿತೇ ಇದ್ದರು. ಹೊರಗೆ ಕತ್ತಲಾದದ್ದು ಗೊತ್ತಾದಾಗ ತಟ್ಟೆ ಸರಿಸಿ ಎದ್ದರು. ಸೂರ್ಯ ಮುಳುಗಿದ ಮೇಲೆ ಅವರಿಗೆ ಅನ್ನ ಬಿಡಿ, ಒಂದು ಗುಟುಕು ನೀರೂ ಇಲ್ಲ. ಮದುವೆಗೂ ಮೊದಲು ಹಿಡಿದ ಜೈನ ನೇಮ ಅದು. ಆಟಿ ತಿಂಗಳ ಮಳೆಮೋಡದಲ್ಲಿ ಮೂಡುಬಿದಿರೆಗೆ ಸೂರ್ಯ ಕಾಣುವುದೇ ಅಪರೂಪ, ಅವರ ಕಣ್ಣೂ ಮಂಜು. ಅದಕ್ಕೇ ಮೊಮ್ಮಗಳು ತ್ರಿಶಾ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡಿಗೆ ಗಂಟೆ ಕಟ್ಟಿ, ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲು ಬಡಿಯುವ ಹಾಗೆ ಮಾಡಿಟ್ಟಿದ್ದಳು.

ಮೊಬೈಲಿನಲ್ಲಿ ಅಲಾರಂ ಇಟ್ಟರೆ ಸಾಕಾಗುತ್ತಿರಲಿಲ್ಲವೇ ಎಂದು ದಯವಿಟ್ಟು ಕೇಳಬೇಡಿ. ಕರ್ನಲ್ ಬರೆಯುವುದೇ ಹೊಟ್ಟೆಪಾಡಾದ ಹುಡುಗಿಗೆ ಆ ಮಾತು ಹೇಳುವುದೂ ಒಂದೇ, ಅಡುಗೆಭಟ್ಟರ ಮನೆಗೆ ಹೋಟೆಲಿನ ಸಾಂಬಾರು ತರಿಸುವುದೂ ಒಂದೇ. ಕರ್ನಲ್ ಅಂದರೆ ಕಂಪ್ಯೂಟರಿನ ಒಳಗೆ ಕೂತು ಎಲ್ಲರಿಗೂ ಕೆಲಸ ಹಂಚುವ ಪ್ರೋಗ್ರಾಮು, ಅಲ್ಲಿನ ಯಜಮಾನ.

ಅಜ್ಜಿ ಹಸಿದು ಮಲಗಿದ್ದು ತ್ರಿಶಾಳ ಎದೆಯಲ್ಲಿ ಚುಚ್ಚುತ್ತಿತ್ತು. ರಜೆ ಹಾಕಿ ಬೋರ್ಡಿನ ಮುಂದೆ ಕೂತವಳಿಗೆ ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು. ಹಣೆ ಚಚ್ಚಿಕೊಂಡಳು.

“ಎಂತ ಆಯ್ತು ಮಾರಾಯ್ತಿ?” ಎಂದರು ಅಜ್ಜಿ.

“ಕರೆಂಟು ಹೋದ್ರೂ ಬ್ಯಾಟರಿ ಬಾಳಲಿ ಅಂತ ಮೊನ್ನೆ ಅದಕ್ಕೆ ಗಾಢ ನಿದ್ದೆ ಕಲಿಸಿದೆ. ಇಂಥ ಹೊತ್ತಿಗೆ ಎಬ್ಬಿಸು ಅಂತ ಒಂದು ಟೈಮರಿಗೆ ಹೇಳಿ ಯಜಮಾನ ಮಲಗ್ತಾನೆ. ಆದ್ರೆ ನಾನು ಗೊತ್ತುಮಾಡಿದ ಟೈಮರು ಅವನೊಟ್ಟಿಗೇ ಮಲಗುವಂಥದ್ದು!”

ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ದೇವರೇ! ಇಬ್ಬರೂ ಮಲಗಿದ್ರೆ ಎಬ್ಬಿಸುದು ಯಾರು?”

“ಇನ್ನೊಬ್ಬ ಇದ್ದಾನೆ ಅಜ್ಜಿ. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಹರಳು. ಎಲ್ಲ ನಿಂತ್ರೂ ಅದು ನಡುಗ್ತಾ ಇರ್ತದೆ, ಒಂದು ಪುಟ್ಟ ಟೈಮರು ಆ ನಡುಕ ಎಣಿಸ್ತಾ ಇರ್ತದೆ. ಇವತ್ತು ಅದಕ್ಕೇ ಹೇಳ್ತೇನೆ. ಆದ್ರೂ ನೀವು ಬೇಗ ಉಂಡುಬಿಡಿ.”

“ಗಂಟೆ ಕೇಳಿಯೇ ಉಣ್ತೇನೆ. ನೀನು ಮಾಡಿದ್ದಲ್ವಾ?”

ಸಂಜೆ ಅಜ್ಜಿ ಬಡಿಸಿಕೊಂಡು ಕೂತರು. ಬೋರ್ಡು ಮಲಗಿತು, ಅದರ ಪುಟ್ಟ ದೀಪವೂ ಆರಿತು. ತ್ರಿಶಾ ಉಸಿರು ಬಿಗಿಹಿಡಿದಳು. ಎಷ್ಟೋ ಸಲ ಓದಿದ ಸಂಗತಿಯಾದರೂ ಇವತ್ತು ಮೈ ಜುಮ್ಮೆಂದಿತು. ಆ ಹರಳಿಗೆ ಸೂರ್ಯ ಗೊತ್ತಿಲ್ಲ, ಅಜ್ಜಿಯ ಹಸಿವು ಗೊತ್ತಿಲ್ಲ. ಸೆಕೆಂಡಿಗೆ ಸಾವಿರಾರು ಸಲ ನಡುಗುವುದೊಂದೇ ಗೊತ್ತು. ಅಷ್ಟನ್ನೇ ನಂಬಿಕೊಂಡು ಯಜಮಾನ ನಿಶ್ಚಿಂತೆಯಿಂದ ಮಲಗಿದ್ದಾನಲ್ಲ, ಎಂಥ ಭರವಸೆ!

ಟಣ್! ಗಂಟೆ ಹೊಡೆಯಿತು.

ಅಜ್ಜಿ ಕೈಮುಗಿದು ತುತ್ತೆತ್ತಿದರು. ತ್ರಿಶಾಳ ಕಣ್ಣು ತುಂಬಿತು. “ಅಬ್ಬಾ, ಎಲ್ಲರೂ ಮಲಗಿದಾಗ ಅದೊಂದು ಹೇಗೆ ಎಚ್ಚರ ಇತ್ತು ನೋಡಿ!”

“ಅದ್ರಲ್ಲಿ ಎಂತ ಉಂಟು? ಪರೀಕ್ಷೆ ಬಂದ್ರೆ, ನಸುಕಿಗೇ ಎಬ್ಬಿಸಿ ಅಜ್ಜಿ ಅಂತ ಹೇಳಿ ನೀನು ಮಲಗ್ತಿದ್ದಿ. ಒಂದು ದಿನ ತಪ್ಪಿದ್ದುಂಟಾ?”

“ನಿಮ್ಮ ಹತ್ರ ಅಲಾರಂ ಗಡಿಯಾರ ಇತ್ತಲ್ಲ?”

“ಅದು ನಿನ್ನ ಅಜ್ಜ ಇರುವಾಗ್ಲೇ ಹಾಳಾಗಿತ್ತು. ನಾನು ಮಲಗ್ತಾನೇ ಇರ್ಲಿಲ್ಲ,” ಎಂದ ಅಜ್ಜಿ, ಹೊತ್ತು ಮೀರೀತೆಂದು ಬೇಗ ಬೇಗ ಉಂಡರು.